ತಗಡು ಶೀಟು ಹಾಕಿ, ಆದರೆ ಗಾಳಿಯ ದಾರಿ ಮುಚ್ಚಬೇಡಿ

ಬೈಂದೂರಿನಿಂದ ಕುಂದಾಪುರ ದಾಟಿ ಬ್ರಹ್ಮಾವರದವರೆಗೆ ಹೈವೇಯ ಎರಡೂ ಬದಿ ನೋಡಿಕೊಂಡು ಬನ್ನಿ. ಟೆರೇಸ್ ಮನೆ, ಅದರ ಮೇಲೆ ಕಬ್ಬಿಣದ ಟ್ರಸ್, ಅದರ ಮೇಲೆ ನೀಲಿಯೋ ಕೆಂಪೋ ತಗಡು ಶೀಟು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಊರಲ್ಲಿ ಸ್ಲ್ಯಾಬ್ ಸೋರದಂತೆ ಶೀಟು ಹಾಕುವುದು ತಪ್ಪಲ್ಲ. ಅಡಿಕೆ, ಕೊಬ್ಬರಿ ಹರಡಲೂ ಜಾಗ ಆಗುತ್ತದೆ. ನನ್ನ ತಕರಾರು ಇರುವುದು ಆಮೇಲಿನ ಕೆಲಸದ ಬಗ್ಗೆ. ಒಂದು ವರ್ಷ ಪಡುಬದಿಯಿಂದ ಎರಚಲು ಬಂತೆಂದು ಅಲ್ಲಿ ಶೀಟು ಹೊಡೆಸುತ್ತಾರೆ. ಮರು ವರ್ಷ ಮಂಗ ಬಂತೆಂದು ಉಳಿದ ಮೂರೂ ಬದಿ. ಅಲ್ಲಿಗೆ ಮನೆಯ ತಲೆಯ ಮೇಲೊಂದು ಮುಚ್ಚಿದ ಡಬ್ಬಿ ತಯಾರು. ಏಪ್ರಿಲ್ ಬಂದ ಮೇಲೆ ಶುರು: "ಹ್ವಾಯ್, ಮೇಲಿನ ರೂಮಲ್ಲಿ ಮನಿಕಂಬುಕೇ ಆತಿಲ್ಲೆ ಮರಾಯ್ರೆ!"

ಆಗುವುದು ಇಷ್ಟೇ. ಮಟಮಟ ಮಧ್ಯಾಹ್ನದ ಬಿಸಿಲಿಗೆ ತಗಡು 60 ಡಿಗ್ರಿ ದಾಟಬಹುದು. ಅದರ ಕಾವು ಎರಡು ದಾರಿಯಲ್ಲಿ ಕೆಳಗೆ ಬರುತ್ತದೆ. ಒಂದು, ಬೆಂಕಿಯ ಎದುರು ಕೂತಾಗ ಮುಖಕ್ಕೆ ಹೊಡೆಯುತ್ತದಲ್ಲ, ಹಾಗೆ ನೇರವಾಗಿ. ಇನ್ನೊಂದು, ಒಳಗಿನ ಗಾಳಿಯನ್ನು ಕಾಯಿಸಿ. ಬದಿ ತೆರೆದಿದ್ದರೆ ಕಾದ ಗಾಳಿ ಹೊರಗೆ ಹೋಗುತ್ತದೆ, ತಗಡೂ ಸ್ವಲ್ಪ ತಣಿಯುತ್ತದೆ. ಮುಚ್ಚಿದ್ದರೆ ಎರಡೂ ಸೇರಿ ಸ್ಲ್ಯಾಬನ್ನು ಕಾಯಿಸುತ್ತವೆ. ಕಾಂಕ್ರೀಟು ಹಗಲು ಕುಡಿದ ಕಾವನ್ನು ಬಿಡುವುದು ರಾತ್ರಿ, ನಾವು ಮಲಗುವ ಹೊತ್ತಿಗೆ. ಫ್ಯಾನ್ ಹಾಕಿದರೆ ಮೇಲಿನ ಬಿಸಿಯನ್ನೇ ಕೆಳಗೆ ತಳ್ಳುತ್ತದೆ.

ನಮ್ಮ ಹಳೆ ಮನೆಗಳಲ್ಲಿ ಈ ಲೆಕ್ಕ ಸರಿ ಇತ್ತು. ಮರದ ಮುಚ್ಚಿಗೆ, ಕೆಲವು ಕಡೆ ಅದರ ಮೇಲೆ ಮಣ್ಣು. ಹುಲ್ಲಿನ ಮಾಡಿನ ಕಾಲದಲ್ಲಿ ಬೆಂಕಿ ಬಿದ್ದರೂ ಒಳಗೆ ಇಳಿಯಬಾರದೆಂದು ಹಾಕಿದ ಮಣ್ಣು, ಸೆಕೆಯನ್ನೂ ತಡೆಯುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯಲ್ಲಿ ಹಂಚು ಹಬ್ಬಿತು. ಹಂಚು ಹಂಚಿನ ನಡುವಿನ ಸಂದಿಯಲ್ಲಿ ಬಿಸಿಗಾಳಿ ತಾನಾಗಿ ಹೊರಗೆ ಹೋಗುತ್ತದೆ. ಕೆಳಗೆ ಒಲೆಯ ಹೊಗೆ ಅಟ್ಟಕ್ಕೆ ಏರಿ ಪಕಾಸು, ರೀಪು, ಅಡಿಕೆ ಎಲ್ಲವನ್ನೂ ಒಣಗಿಸಿ ಇಡುತ್ತಿತ್ತು. ಗ್ಯಾಸ್ ಬಂತು, ಹೊಗೆ ಹೋಯಿತು. ಅಡುಗೆ ಮಾಡುವವರ ಕಣ್ಣಿಗೆ ಒಳ್ಳೆಯದೇ ಆಯಿತು. ಆದರೆ ಅಟ್ಟ ಒಣಗಿಸುವ ಕೆಲಸ ಈಗ ಗಾಳಿಯೊಂದರ ಪಾಲಿಗೆ ಬಿದ್ದಿದೆ. ಆ ಗಾಳಿಯನ್ನೂ ನಾವು ನಿಲ್ಲಿಸಿದರೆ ಮರಕ್ಕೆ ಹುಳ, ಅಡಿಕೆಗೆ ಬೂಷ್ಟು.

ಅಮೆರಿಕ, ಕೆನಡಾದಲ್ಲಿರುವ ನಮ್ಮ ಮಕ್ಕಳು ಫೋನಿನಲ್ಲಿ ಹೇಳುವುದು ಬೇರೆ: "ಅಟ್ಟಕ್ಕೆ ಒಂದಡಿ ದಪ್ಪ ಗ್ಲಾಸ್‌ವುಲ್ ಹಾಕಿಸಿ ಅಪ್ಪಯ್ಯ." ಅವರ ಊರಿಗೆ ಅದು ಸರಿ. ಅಲ್ಲಿ ಚಳಿಗಾಲದಲ್ಲಿ ಕಾವು ಒಳಗಿಂದ ಮೇಲಕ್ಕೆ ಓಡುತ್ತದೆ. ಆ ಬೆಚ್ಚನೆ ಗಾಳಿಯ ಜೊತೆ ಅಡುಗೆಮನೆ, ಬಚ್ಚಲಿನ ತೇವವೂ ಅಟ್ಟಕ್ಕೆ ಹೋಗಿ ತಣ್ಣಗಿನ ಹಲಗೆಯಲ್ಲಿ ನೀರಾಗಿ ಕೂರುತ್ತದೆ. ಮಾಡಿನ ಮೇಲಿನ ಹಿಮ ಕರಗಿ, ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟಿ, ಹಿಂದೆ ನಿಂತ ನೀರು ಮನೆಯೊಳಗೆ ಸೋರುತ್ತದೆ. ಹಾಗಾಗಿ ಅವರು ಮೊದಲು ಸೀಲಿಂಗಿನ ತೂತು ಮುಚ್ಚಿ, ದಪ್ಪ ಹೊದಿಕೆ ಹಾಸುತ್ತಾರೆ. ಅವರೂ ಅದರ ಮೇಲಿನ ಅಟ್ಟಕ್ಕೆ ಸೂರಿನಿಂದ ತುದಿಗೆ ಗಾಳಿಯ ದಾರಿ ಬಿಡುತ್ತಾರೆ. ಗ್ಲಾಸ್‌ವುಲ್ ಮಾತ್ರ ಕೇಳಿಸಿಕೊಂಡು ಗಾಳಿಯ ಮಾತು ಬಿಟ್ಟರೆ ಅರ್ಧ ಪಾಠ ಕಲಿತಂತೆ. ನಮ್ಮಲ್ಲಿ ಕಾವು ಬರುವುದು ಮೇಲಿಂದ, ತೇವ ಬರುವುದು ಹೊರಗಿಂದ. ಆಟಿಯ ಮಳೆಯಲ್ಲಿ ಒದ್ದೆಯಾದ ಗ್ಲಾಸ್‌ವುಲ್ ಯಾವ ಪ್ರಯೋಜನಕ್ಕೂ ಇಲ್ಲ.

ನನ್ನ ಪ್ರಕಾರ ನಮ್ಮ ಊರಿಗೆ ಕ್ರಮ ಹೀಗಿರಬೇಕು.

ಮೊದಲು ಬಣ್ಣ. ಹೊಸ ಶೀಟಾದರೆ ಬಿಳಿಯದ್ದೇ ತನ್ನಿ. ಶೀಟಿಲ್ಲದ ಟೆರೇಸಿಗೆ ಬೇಸಿಗೆಗೆ ಮುಂಚೆ ಸುಣ್ಣ ಹೊಡೆಯಿರಿ. ಮಳೆಗೆ ಹೋಗುತ್ತದೆ, ಪ್ರತಿ ವರ್ಷ ಹೊಡೆಯಬೇಕು. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಮಾಡಿಗೆಂದೇ ಒಂದು ನೀತಿ ತಂದಿದೆ. ಅದರ ತಿರುಳೂ ಇದೇ, ಬಿಸಿಲನ್ನು ಮೇಲಿಂದಲೇ ವಾಪಸ್ ಕಳಿಸುವುದು.

ಎರಡನೆಯದು ಗಾಳಿ. ಎರಚಲು ತಡೆಯಲು ಗೋಡೆ ಕಟ್ಟುವ ಬದಲು ಶೀಟನ್ನೇ ಎರಡು ಮೂರು ಅಡಿ ಹೊರಗೆ ಚಾಚಿ. ಪಡುಬದಿ ಮುಚ್ಚಲೇಬೇಕಾದರೆ ತೆಂಕು ಬಡಗು ತೆರೆದಿಡಿ. ಮಂಗ, ಬಾವಲಿಗೆ ಬಲೆ ಸಾಕು. ಮಾಡಿನ ತುದಿಯಲ್ಲಿ ಬಿಸಿಗಾಳಿ ಹೋಗಲು ಸಂದಿ ಬಿಟ್ಟು, ಅದರ ಮೇಲೆ ಪುಟ್ಟ ಮಾಡು ಎತ್ತಿಸಿ.

ಹೊದಿಕೆ ಕೊನೆಗೆ. ಬೆಳ್ಳಿ ಹಾಳೆಯನ್ನು ಶೀಟಿಗೆ ಅಂಟಿಸಬೇಡಿ, ಒಂದಿಂಚಾದರೂ ಕೆಳಗೆ ಕಟ್ಟಿಸಿ. ಹೊಳೆಯುವ ಮುಖ ಕೆಳಗಿರಲಿ. ಮೇಲಿದ್ದರೆ ಧೂಳು ಕೂತು ಹೊಳಪು ಹೋಗುತ್ತದೆ, ಹೊಳಪು ಹೋದರೆ ಅದರ ಗುಣವೂ ಹೋಯಿತು. ಎಸಿ ಹಾಕುವ ಕೋಣೆಯಾದರೆ ಮಾತ್ರ ದಪ್ಪ ಹೊದಿಕೆಗೆ ಖರ್ಚು ಮಾಡಿ. ಆಗ ತೇವ ತಡೆಯುವ ಹಾಳೆ ಹೊರಬದಿಗೆ ಬರಬೇಕು. ಚಳಿ ದೇಶದಲ್ಲಿ ಅದು ಒಳಬದಿಗೆ.

"ಇಷ್ಟೆಲ್ಲ ಎಂತಕ್ಕೆ, ಒಂದು ಎಸಿ ಹಾಕಿದ್ರೆ ಮುಗೀತಲ್ಲ" ಎನ್ನುವವರಿದ್ದಾರೆ. ಎಸಿ ಇರುವುದು ಒಂದು ಕೋಣೆಗೆ. ಉಳಿದ ಕೋಣೆಯಲ್ಲಿ ಮಲಗುವವರು ಯಾರು? ಹೆಚ್ಚಾಗಿ ಮನೆಯ ಹಿರಿಯರು, ತೋಟದ ಕೆಲಸಕ್ಕೆ ಬಂದು ಉಳಿದವರು. ರಾತ್ರಿ ಮೈ ತಣಿಯದಿದ್ದರೆ ಮರುದಿನದ ಬಿಸಿಲು ಅವರಿಗೆ ಇನ್ನೂ ಕಷ್ಟ. ಕರೆಂಟ್ ಹೋದ ರಾತ್ರಿಯಂತೂ ಎಸಿಯವರಿಗೂ ಅದೇ ಗತಿ.

ಮಾರ್ಚಿನಲ್ಲಿ ಒಂದು ದಿನ ಮಧ್ಯಾಹ್ನ 3 ಗಂಟೆಗೆ ನಿಮ್ಮ ಶೀಟಿನ ಅಡಿ ಐದು ನಿಮಿಷ ನಿಲ್ಲಿ. ಅದೇ ದಿನ ರಾತ್ರಿ 9ಕ್ಕೆ ಮೇಲಿನ ಕೋಣೆಯ ಸೀಲಿಂಗಿಗೆ ಕೈ ಇಡಿ. ಇನ್ನೂ ಬಿಸಿ ಇದ್ದರೆ ಎಸಿ ಅಂಗಡಿಗೆ ಹೋಗುವ ಮುಂಚೆ ವೆಲ್ಡಿಂಗಿನವರನ್ನು ಕರೆಸಿ, ಬದಿಯ ಎರಡು ಶೀಟು ಬಿಚ್ಚಿಸಿ ನೋಡಿ. ಖರ್ಚು ಒಂದು ದಿನದ ಕೂಲಿ.