ಚುಚ್ಚುಮದ್ದಿನ ಗಂಟು

ಕೂಸಿಗೆ ಚುಚ್ಚುಮದ್ದು ಹಾಕಿಸಿ ಕೆಲವು ವಾರಗಳೋ ತಿಂಗಳುಗಳೋ ಕಳೆದಮೇಲೆ ತೊಡೆಯ ಚರ್ಮದಡಿಯಲ್ಲಿ ಬಟಾಣಿಯಷ್ಟು ದೊಡ್ಡ ಗಂಟೊಂದು ಕೈಗೆ ತಾಕುವುದುಂಟು. ತಾಯಿ ಕೇಳಿದರೆ “ಅದೇನೂ ಅಲ್ಲ” ಎಂಬ ಉತ್ತರವೇ ಬಹುಮಟ್ಟಿಗೆ ದೊರೆಯುವುದು. ಈ ಉತ್ತರ ಸಾಲದೆಂದು ನನ್ನ ಅಭಿಪ್ರಾಯ. ಅದು ಏನೋ ಒಂದು ಅಹುದು. ಏನೆಂಬುದನ್ನು ವಿಜ್ಞಾನ ಬಹಳಮಟ್ಟಿಗೆ ಬಲ್ಲದು.

1926ರಲ್ಲಿ ಲಂಡನ್ನಿನ ವೆಲ್‌ಕಮ್ ಪ್ರಯೋಗಾಲಯದ ಅಲೆಗ್ಸಾಂಡರ್ ಗ್ಲೆನಿಯವರೂ ಅವರ ಸಂಗಡಿಗರೂ ಗಂಟಲುಮಾರಿ ರೋಗದ ವಿಷವನ್ನು ನಿರಪಾಯಗೊಳಿಸಿ, ಅದಕ್ಕೆ ಪಟಿಕ ಬೆರೆಸಿ ಗಸಿಯಾಗಿ ಇಳಿಸಿದರು. ಬಗ್ಗಡದ ನೀರನ್ನು ತಿಳಿಗೊಳಿಸಲು ನಮ್ಮ ಮನೆಗಳಲ್ಲಿ ಬಳಸುವ ಪಟಿಕವೇ ಇದು. ಅಲ್ಯೂಮಿನಿಯಮ್ಮಿನ ಒಂದು ಲವಣ. ಈ ಗಸಿ ಗಿನಿಪಿಗ್ಗುಗಳಲ್ಲಿ ಬರಿಯ ಮದ್ದಿಗಿಂತ ಬಲವಾದ ರಕ್ಷಣೆಯನ್ನು ಹುಟ್ಟಿಸಿತು. ಮದ್ದು ಚುಚ್ಚಿದೆಡೆಯಲ್ಲೇ ದಾಸ್ತಾನಾಗಿ ಮೆಲ್ಲಮೆಲ್ಲನೆ ಸೋರುವುದೇ ಇದರ ಕಾರಣವೆಂದು ಗ್ಲೆನಿ ಊಹಿಸಿದರು. ಆದರೆ 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಇಲಿಗಳಿಗೆ ಚುಚ್ಚಿದ ಭಾಗವನ್ನು 2 ಗಂಟೆಗಳಲ್ಲಿಯೇ ಕತ್ತರಿಸಿ ತೆಗೆದರೂ ರಕ್ಷಣೆ ಕುಗ್ಗಲಿಲ್ಲ! ದಾಸ್ತಾನಿನ ಕಥೆ ಅಷ್ಟು ಸರಳವಲ್ಲ. ಅಲ್ಯೂಮಿನಿಯಂ ಕಣಗಳನ್ನು ನುಂಗಲು ಭಕ್ಷಕ ಜೀವಕಣಗಳು ಮುತ್ತುತ್ತವೆ. ದೇಹದ ಕಾವಲುಪಡೆ ಎಚ್ಚರಗೊಳ್ಳುವುದರಲ್ಲಿ ಈ ಗಲಿಬಿಲಿಗೂ ಪಾಲುಂಟು. ಕಣಗಳು ಬೇಗನೆ ಕರಗವಾದುದರಿಂದ ಭಕ್ಷಕಗಳ ಗುಂಪು ಅಲ್ಲಿಯೇ ನೆಲಸಿದರೆ, ಅದೇ ಗಂಟು.

ಸ್ವೀಡನ್ನಿನ ಗೋಥೆನ್‌ಬರ್ಗ್ ಪ್ರದೇಶದಲ್ಲಿ 1990ರ ದಶಕದಲ್ಲಿ ನಾಯಿಕೆಮ್ಮಿನ ಲಸಿಕೆ ಪಡೆದ ಸುಮಾರು 76,000 ಮಕ್ಕಳ ಪೈಕಿ 645 ಮಂದಿಯಲ್ಲಿ ತುರಿಸುವ ಗಂಟುಗಳು ಕಾಣಿಸಿಕೊಂಡವು. ಪರೀಕ್ಷಿಸಲ್ಪಟ್ಟವರಲ್ಲಿ ಮುಕ್ಕಾಲು ಪಾಲು ಮಕ್ಕಳ ಚರ್ಮಕ್ಕೆ ಅಲ್ಯೂಮಿನಿಯಂ ಒಗ್ಗದಾಗಿತ್ತು. ನೆಗಡಿಯಾದಾಗ ತುರಿಕೆ ಹೆಚ್ಚುವುದು ಇದರ ಒಂದು ವಿಚಿತ್ರ. ಹಲವರಲ್ಲಿ ಗಂಟು ವರ್ಷಗಟ್ಟಲೆ ಉಳಿಯಿತು. ಇಂತಹುದನ್ನು ದುರ್ಮಾಂಸವೆಂದು ಶಂಕಿಸಿ ಕತ್ತಿಯಾಡಿಸಿದ ಪ್ರಸಂಗಗಳೂ ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ಅಜ್ಞಾನದ ಬೆಲೆಯನ್ನು ತೆತ್ತುದು ಮಗುವಿನ ಮೈ.

ಇಷ್ಟನ್ನು ಬಾಯಿಬಿಟ್ಟು ಹೇಳಿದರೆ ಜನ ಲಸಿಕೆಗೆ ಹೆದರುವರೆಂದು ಕೆಲವರು ವಾದಿಸಬಹುದು. ನಾನು ಒಪ್ಪಲಾರೆ. 2025ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು 12 ಲಕ್ಷ ಮಕ್ಕಳ ದಾಖಲೆಗಳನ್ನು ಶೋಧಿಸಿ, ಲಸಿಕೆಗಳ ಅಲ್ಯೂಮಿನಿಯಂ ಹೆಚ್ಚಿದಂತೆ 50 ಬಗೆಯ ದೀರ್ಘವ್ಯಾಧಿಗಳಲ್ಲಿ ಯಾವುದೂ ಹೆಚ್ಚಿದುದು ಕಂಡುಬರಲಿಲ್ಲವೆಂದು ತಿಳಿಸಿದರು. ಇಂತಹ ಆಧಾರ ಕೈಯಲ್ಲಿರುವಾಗ ಮರೆಮಾಚುವುದೇಕೆ? ನಮ್ಮಲ್ಲಿ ಕೂಸುಗಳಿಗೆ 6, 10, 14ನೆಯ ವಾರಗಳಲ್ಲಿ ಹಾಕುವ ಪಂಚರೋಗ ಲಸಿಕೆಯಲ್ಲಿಯೂ ಅಲ್ಯೂಮಿನಿಯಂ ಲವಣವಿದೆ. ಮೊದಲನೆಯ ಗಂಟಿಗೆ ಬೆದರಿದ ತಾಯಿ ಎರಡನೆಯ ಸರದಿಗೆ ಬಾರದೆ ಹೋದರೆ ನಾಯಿಕೆಮ್ಮು ಅವಳ ಮನೆಯನ್ನು ಬಿಟ್ಟುಬಿಡುವುದೇ?

ವೈದ್ಯವೃತ್ತಿಗೆ ಸೇರಲಿರುವ ವಿದ್ಯಾರ್ಥಿಗಳು ಇನ್ನೊಂದನ್ನೂ ಗಮನಿಸಬೇಕು. ಸೂಜಿ ಚರ್ಮದಡಿಯಲ್ಲಿಯೇ ನಿಂತರೆ ಗಂಟಾಗುವ ಸಂಭವ ಹೆಚ್ಚು. ತೊಡೆಯ ಮಾಂಸಖಂಡದವರೆಗೆ ಇಳಿದರೆ ಕಡಮೆ. ಅದಕ್ಕೆ ತಕ್ಕಷ್ಟು ಉದ್ದದ ಸೂಜಿಯೂ, ಚುಚ್ಚುವ ಮೊದಲು ತಾಯಿಯೊಡನೆ ಆಡುವ ಎರಡು ಮಾತೂ ದುಬಾರಿಯವೇನಲ್ಲ.