ವೈಫೈ ಬಾರದ ಲ್ಯಾಪ್‌ಟಾಪು ಗುಜರಿಗೆ ಬೇಡ

ಸೋದರಿಯರೇ, ಮಕ್ಕಳ ಪಾಠಕ್ಕೆಂದು ಹಳೇ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಸಿದ್ದೀರಿ. ಕಾಸು ಕೊಡಬೇಕಿಲ್ಲದ ವ್ಯವಸ್ಥೆ, ಒಳ್ಳೆಯದೇ. ಆದರೆ ವೈಫೈ ಬರ್ತಾ ಇಲ್ಲ ಅಂತ ಗುಜರಿಗೆ ಕೊಡಲು ಹೊರಟಿರಾ? ಸ್ವಲ್ಪ ತಾಳಿ.

ಮೊದಲು ಕೀಲಿಮಣೆಯಲ್ಲಿ ವಿಮಾನದ ಚಿತ್ರವಿರುವ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ. ಕೆಲವು ಸಲ ಅಷ್ಟಕ್ಕೇ ಸರಿಹೋದೀತು.

ಆಗಲೂ ಬಾರದಿದ್ದರೆ ಯಂತ್ರ ಕೆಟ್ಟಿದೆ ಅಂತಲೇ ತಿಳಿಯಬೇಡಿ. ಬ್ರಾಡ್‌ಕಾಮ್ ಕಂಪನಿಯ ಹಲವು ವೈಫೈ ಚಿಪ್ಪುಗಳಿಗೆ ಕಂಪನಿಯದೇ ಡ್ರೈವರ್, ಅಂದರೆ ಚಿಪ್ಪನ್ನು ನಡೆಸುವ ತಂತ್ರಾಂಶ, ಬೇರೆಯಾಗಿ ಹಾಕಬೇಕು. ಅದನ್ನು ತರಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ಟಿಗೆ ಅದೇ ಬೇಕು! ಮನೆಯಲ್ಲಿ ಹೆಪ್ಪಿಗೆ ಮೊಸರಿಲ್ಲದಾಗ ಪಕ್ಕದ ಮನೆಯಿಂದ ತರುವುದಿಲ್ಲವೇ? ಇಲ್ಲಿ ಮೊಬೈಲೇ ಪಕ್ಕದ ಮನೆ.

ಆಂಡ್ರಾಯ್ಡ್ ಮೊಬೈಲನ್ನು ಡೇಟಾ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ. ಮೊಬೈಲಿನ ಸೆಟ್ಟಿಂಗ್ಸಿನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಉಬುಂಟುವಿನಲ್ಲಿ 'ಅಡಿಷನಲ್ ಡ್ರೈವರ್ಸ್' ತೆರೆದು ಒಂದೆರಡು ನಿಮಿಷ ಕಾಯಿರಿ. ಬ್ರಾಡ್‌ಕಾಮ್ ಹೆಸರು ಕಂಡರೆ ಅದನ್ನು ಆರಿಸಿ, ಪಾಸ್‌ವರ್ಡ್ ಕೊಟ್ಟು, ಮುಗಿದ ಮೇಲೆ ಲ್ಯಾಪ್‌ಟಾಪನ್ನು ಒಮ್ಮೆ ಆರಿಸಿ ಹಚ್ಚಿ.

ಮೇಲ್ಗಡೆ ಮೂಲೆಯಲ್ಲಿ ನಿಮ್ಮ ಮನೆಯ ವೈಫೈ ಹೆಸರು ಕಂಡಿತೋ, ಕೆಲಸ ಆದಂತೆ. ಖರ್ಚು ಮೊಬೈಲಿನ ಒಂದಿಷ್ಟು ಡೇಟಾ ಮಾತ್ರ. ಉಳಿದದ್ದು ಹೊಸ ಲ್ಯಾಪ್‌ಟಾಪಿನ ದುಡ್ಡು!