ಕಾಯಿಲೆ ಶುರುವಾದದ್ದು ಎಲ್ಲಿ?: ಯೋಧನ ಮನೋಗಾಯ ಮತ್ತು ಪಿಂಚಣಿಯ ಲೆಕ್ಕ

ಮನಸ್ಸಿನ ಕಾಯಿಲೆಯ ಕಾರಣಕ್ಕೆ ಅವಧಿಗೆ ಮುನ್ನವೇ ಸೇನೆಯಿಂದ ಹೊರಬಿದ್ದ, ಅಥವಾ ಆ ಕಾಯಿಲೆಯನ್ನು ಹೊತ್ತುಕೊಂಡೇ ನಿವೃತ್ತನಾದ ಯೋಧ ಅಂಗವೈಕಲ್ಯ ಪಿಂಚಣಿ ಕೇಳಿದಾಗ, ಆತ ನಿಜಕ್ಕೂ ಅಸ್ವಸ್ಥನೇ ಎಂಬ ಬಗ್ಗೆ ತಕರಾರು ಏಳುವುದು ಅಪರೂಪ. ಕಾಯಿಲೆಯಿದೆ ಎಂದು ಸೇನೆಯ ವೈದ್ಯರೇ ಬರೆದಿರುತ್ತಾರೆ, ವೈಕಲ್ಯದ ಶೇಕಡಾ ಪ್ರಮಾಣವನ್ನೂ ಅವರೇ ನಮೂದಿಸಿರುತ್ತಾರೆ. ತಕರಾರೆಲ್ಲ ಆ ಕಾಯಿಲೆಗೂ ಸೇನಾ ಸೇವೆಗೂ ನಂಟಿದೆಯೇ ಎಂಬುದರ ಸುತ್ತ ನಡೆಯುತ್ತದೆ. ಈ ನಂಟನ್ನು ಅಳೆಯಲು ಸದ್ಯ ಬಳಕೆಯಲ್ಲಿರುವ ನಿಯಮಗಳು ಕಾಯಿಲೆ ಮೊದಲು ಕಾಣಿಸಿಕೊಂಡ ಊರಿಗೂ ದಿನಾಂಕಕ್ಕೂ ಅತಿಯಾದ ತೂಕ ಕೊಡುತ್ತವೆ. ಘಟನೆ ನಡೆದ ಜಾಗದಿಂದ ದೂರದಲ್ಲಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ತಲೆಯೆತ್ತಬಲ್ಲ ಆಘಾತೋತ್ತರ ಒತ್ತಡದ ಕಾಯಿಲೆಗೆ, ಅಂದರೆ ಪಿಟಿಎಸ್‌ಡಿಗೆ, ಆ ಅಳತೆಗೋಲು ಹೊಂದುವುದೇ ಇಲ್ಲ.

ಜೀವಕ್ಕೆ ಎರವಾಗುವಂಥ ಘಟನೆಯನ್ನು ಎದುರಿಸಿದ ಅಥವಾ ಕಣ್ಣಾರೆ ಕಂಡ ವ್ಯಕ್ತಿಯಲ್ಲಿ ಆ ಘಟನೆ ನೆನಪಾಗಿ ಹಿಂದೆ ಸರಿಯದೆ, ದುಃಸ್ವಪ್ನವಾಗಿಯೋ ಹಗಲಿನಲ್ಲೇ ಮರುಕಳಿಸುವ ದೃಶ್ಯವಾಗಿಯೋ ಕಾಡುವುದು, ಅದನ್ನು ನೆನಪಿಸುವ ಜನ, ಜಾಗ, ಮಾತುಗಳಿಂದ ಆತ ತಪ್ಪಿಸಿಕೊಳ್ಳತೊಡಗುವುದು, ಸಣ್ಣ ಸದ್ದಿಗೂ ಬೆಚ್ಚುವುದು, ನಿದ್ದೆಗೆಡುವುದು, ಮನೆಯವರ ಬಗ್ಗೆಯೂ ಭಾವನೆಗಳು ಮರಗಟ್ಟಿದಂತಾಗುವುದು ಈ ಕಾಯಿಲೆಯ ಮುಖ್ಯ ಲಕ್ಷಣಗಳು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು ಮತ್ತು ಅವರ ಪರ ನಿಂತ ಮನೋವೈದ್ಯರ ಒತ್ತಾಯದ ಫಲವಾಗಿ ಅಮೆರಿಕದ ಮನೋವೈದ್ಯಕೀಯ ಸಂಘ 1980ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಇದಕ್ಕೊಂದು ಸ್ವತಂತ್ರ ಸ್ಥಾನ ಕೊಟ್ಟಿತು. ಅದೇ ಕೈಪಿಡಿಯ ಈಚಿನ ಆವೃತ್ತಿಗಳು, ಘಟನೆ ನಡೆದು ಆರು ತಿಂಗಳು ಕಳೆದ ಮೇಲೆಯೇ ಪೂರ್ಣರೂಪದಲ್ಲಿ ಪ್ರಕಟವಾಗುವ ಬಗೆಯನ್ನೂ ಪ್ರತ್ಯೇಕವಾಗಿ ಗುರುತಿಸುತ್ತವೆ. ತಡವಾಗಿ ಪ್ರಕಟವಾಗುವುದು ಈ ಕಾಯಿಲೆಯ ಗೊತ್ತಿರುವ ಗುಣಗಳಲ್ಲಿ ಒಂದು. ಅದನ್ನು ಅರ್ಜಿದಾರನ ಸಬೂಬು ಎಂದು ಓದಲು ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ.

ಭಾರತದ ಸೇನಾ ಪಿಂಚಣಿ ವ್ಯವಸ್ಥೆಯಲ್ಲಿ ಅಂಗವೈಕಲ್ಯ ಪಿಂಚಣಿಗೆ ಎರಡು ಭಾಗಗಳಿವೆ: ದುಡಿದ ವರ್ಷಗಳಿಗೆ ಸಲ್ಲುವ ಸೇವಾಂಶ, ದೇಹಕ್ಕೋ ಮನಸ್ಸಿಗೋ ಆದ ಊನಕ್ಕೆ ಸಲ್ಲುವ ವೈಕಲ್ಯಾಂಶ. ವೈಕಲ್ಯಾಂಶಕ್ಕೆ ಸಾಮಾನ್ಯವಾಗಿ ಕನಿಷ್ಠ ಶೇ 20ರಷ್ಟು ವೈಕಲ್ಯವಿರಬೇಕು. ಶೇ 100 ವೈಕಲ್ಯಕ್ಕೆ ಕೊನೆಯ ವೇತನದ ಶೇ 30ರಷ್ಟು ಹಣ ಸಿಗುತ್ತದೆ, ಉಳಿದವರಿಗೆ ಅದೇ ಅನುಪಾತದಲ್ಲಿ. ಶೇ 50ಕ್ಕಿಂತ ಕಡಿಮೆಯಿದ್ದದ್ದನ್ನು 50ಕ್ಕೆ, ಅದರ ಮೇಲಿನದನ್ನು 75ಕ್ಕೆ ಅಥವಾ 100ಕ್ಕೆ ಏರಿಸಿ ಲೆಕ್ಕ ಹಾಕುವ ಸೌಲಭ್ಯವನ್ನು ಅವಧಿ ಮುಗಿಸಿ ನಿವೃತ್ತರಾದವರಿಗೂ ವಿಸ್ತರಿಸಬೇಕೆಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಇಷ್ಟಾದರೂ ಇದೆಲ್ಲ ಅನ್ವಯವಾಗುವುದು ಕಾಯಿಲೆ ಸೇವೆಯಿಂದ ಉಂಟಾಗಿದೆ ಎಂದಾದರೆ, ಇಲ್ಲವೇ ಮೊದಲೇ ಇದ್ದದ್ದು ಸೇವೆಯಿಂದ ಉಲ್ಬಣಿಸಿದೆ ಎಂದಾದರೆ ಮಾತ್ರ. ಎರಡೂ ಅಲ್ಲವೆಂದು, ಯೋಧನನ್ನು ಪರೀಕ್ಷಿಸುವ ಸೇನೆಯ ವೈದ್ಯಕೀಯ ಮಂಡಳಿ ಬರೆದರೆ ವೈಕಲ್ಯಾಂಶವಿಲ್ಲ. ಮಾಜಿ ಸೈನಿಕರ ಬಾಯಲ್ಲಿ ‘ನಾನಾ’ ಎಂದೇ ರೂಢಿಯಾಗಿರುವ, ‘ನೈದರ್ ಆಟ್ರಿಬ್ಯೂಟಬಲ್ ನಾರ್ ಅಗ್ರವೇಟೆಡ್’ ಎಂಬ ಷರಾ ಇದೇ.

ಕಾನೂನಿನ ಮೂಲ ಧೋರಣೆ ಯೋಧನ ಪರವಾಗಿಯೇ ಇದೆ. 1982ರ ಅರ್ಹತಾ ನಿಯಮಗಳ ಪ್ರಕಾರ, ಸೇರ್ಪಡೆಯ ಹೊತ್ತಿನಲ್ಲಿ ದಾಖಲಾಗದ ಕಾಯಿಲೆಯಿಂದ ಯೋಧ ಹೊರಬಿದ್ದರೆ ಅದು ಸೇವೆಯಲ್ಲೇ ಹುಟ್ಟಿಕೊಂಡಿತೆಂದು ಸಾಮಾನ್ಯವಾಗಿ ಭಾವಿಸಬೇಕು; ಪುರಾವೆಯ ಹೊರೆ ಆತನ ಮೇಲಿಲ್ಲ; ಸಕಾರಣ ಸಂಶಯವಿದ್ದರೆ ಅದರ ಲಾಭ ಆತನಿಗೇ ಸಲ್ಲಬೇಕು. 2013ರ ಜುಲೈನಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಅಧಿಕೃತವಾಗಿ ಎತ್ತಿಹಿಡಿಯಿತು, ಅಲ್ಲಿದ್ದದ್ದು ಮೂರ್ಛೆರೋಗ. ಅದೇ ಕಾಲದ ವೀರ್ ಪಾಲ್ ಸಿಂಗ್ ಪ್ರಕರಣದಲ್ಲಿ ಸ್ಕಿಜೋಫ್ರೇನಿಯಾ ಎಂಬ ಷರಾಕ್ಕೆ ವೈದ್ಯಕೀಯ ಮಂಡಳಿ ಆಧಾರವನ್ನೇ ತೋರಿಸಿಲ್ಲವೆಂದು ಹೇಳಿ ಮರುಪರೀಕ್ಷೆಗೆ ಆದೇಶಿಸಿತು. ಆದರೆ 2008ರಿಂದ ಅನ್ವಯವಾದ ಪರಿಷ್ಕೃತ ನಿಯಮಗಳು ಅಷ್ಟೊತ್ತಿಗಾಗಲೇ ಈ ಔದಾರ್ಯಕ್ಕೆ ಕಡಿವಾಣ ಹಾಕಿದ್ದವು: ಸೇವೆಯಲ್ಲಿದ್ದಾಗ ಕಾಯಿಲೆ ಕಾಣಿಸಿಕೊಂಡಿತು ಎಂಬುದೊಂದೇ ಸೇವೆಯ ನಂಟಿಗೆ ಸಾಕ್ಷಿಯಾಗದು ಎಂಬ ಮಾತು ಅಲ್ಲಿ ಸೇರಿಕೊಂಡಿತು. 2023ರ ಸೆಪ್ಟೆಂಬರ್ 21ರ ನಂತರ ಹೊರಬರುವವರಿಗೆ ಇನ್ನೊಂದು ಹೊಸ ನಿಯಮಾವಳಿ ಅನ್ವಯವಾಗುತ್ತದೆ; ಅದಕ್ಕೆ ಮೊದಲು ಹೊರಬಂದವರ ಲೆಕ್ಕ ಹಳೆಯ ನಿಯಮಗಳಲ್ಲೇ ನಡೆಯುತ್ತದೆ.

ಈ ಹಳೆಯ ನಿಯಮಗಳಡಿ ಬರುವವರ ಮಾನಸಿಕ ಕಾಯಿಲೆಗಳ ಮಟ್ಟಿಗೆ ನಿಯಮಾವಳಿಗಿಂತ ಹೆಚ್ಚು ನಿರ್ಣಾಯಕವಾಗಿರುವುದು ಸೇನಾ ವೈದ್ಯಾಧಿಕಾರಿಗಳಿಗಾಗಿ 2002ರಲ್ಲಿ ಹೊರಬಂದು 2008ರಲ್ಲಿ ತಿದ್ದುಪಡಿಯಾದ ಮಾರ್ಗದರ್ಶಿ, ಅದರಲ್ಲೂ 54ನೇ ಪ್ಯಾರಾ. ಮನೋರೋಗಗಳು ಹುಟ್ಟಿನಿಂದ ಬಂದ ಅಂಶಗಳೂ ಪರಿಸರದ ಒತ್ತಡಗಳೂ ಸೇರಿ ಉಂಟಾಗುತ್ತವೆ, ಹಾಗಾಗಿ ಸೇವೆಯ ನಂಟನ್ನು ರೋಗದ ಹೆಸರಿಗೆ ಕಟ್ಟುಬೀಳದೆ ಆಯಾ ಪ್ರಕರಣದ ಸನ್ನಿವೇಶ ನೋಡಿ ನಿರ್ಧರಿಸಬೇಕು ಎಂದು ಆ ಪ್ಯಾರಾ ಒಳ್ಳೆಯ ತಿಳಿವಳಿಕೆಯೊಂದಿಗೇ ಶುರುವಾಗುತ್ತದೆ. ಅನಂತರ ಪಟ್ಟಿಗೆ ಇಳಿಯುತ್ತದೆ. ಯುದ್ಧಭೂಮಿ ಅಥವಾ ಬಂಡುಕೋರರ ವಿರುದ್ಧದ ಕಾರ್ಯಾಚರಣೆಯ ಪ್ರದೇಶ, ಅತಿ ಎತ್ತರದ ಹಿಮಪ್ರದೇಶ, ತೀರಾ ಒಂಟಿಯಾದ ಠಾಣ್ಯ, ಸಮುದ್ರಯಾನ, ಸಾವುನೋವಿನ ವಾಹನ ಅಪಘಾತ, ಕೊಳೆತ ಶವಗಳ ನಡುವೆ ಕೆಲಸ ಮಾಡಬೇಕಾಗುವ ನೈಸರ್ಗಿಕ ವಿಕೋಪ ಇಂಥ ಕಡೆ ಯೋಧ ನಿಯುಕ್ತನಾಗಿರುವಾಗ ಕಾಯಿಲೆ ಬಂದರೆ ಅದು ಸೇವೆಯಿಂದ ಬಂದದ್ದು. ಕೈಕಾಲು ಕಳೆದುಕೊಂಡಂಥ ಗಂಭೀರ ಗಾಯವಾಗಿ ಒಂದು ವರ್ಷದೊಳಗೆ ಬಂದರೂ ಸರಿಯೇ. ಪಿಟಿಎಸ್‌ಡಿಯ ಹೆಸರು ಬರುವುದು ಈ ಜಾಗದಲ್ಲಿ. ಹೆಂಡತಿ ಮಕ್ಕಳ ಸಾವಿನಂಥ ಸಂಕಟದಲ್ಲೂ ರಜೆ ನಿರಾಕರಿಸಲ್ಪಟ್ಟು, ಮೂರು ತಿಂಗಳೊಳಗೆ ಕಾಯಿಲೆ ಕಾಣಿಸಿದರೆ ಅದನ್ನು ಸೇವೆಯಿಂದ ಉಲ್ಬಣಿಸಿದ್ದೆಂದು ಪರಿಗಣಿಸಬಹುದು.

ಪಟ್ಟಿಯನ್ನು ಬರೆದವರು ಉದಾರಿಗಳೇ ಇರಬಹುದು. ಆದರೆ ನಿಯುಕ್ತನಾಗಿರುವಾಗ, ಒಂದು ವರ್ಷದೊಳಗೆ, ಮೂರು ತಿಂಗಳೊಳಗೆ ಎಂಬ ಕಟ್ಟುಗಳು ಕೆಲಸ ಮಾಡುವ ಬಗೆಯನ್ನು ಗಮನಿಸಬೇಕು. ಕಾಶ್ಮೀರದ ಕುಪ್ವಾರಾದಲ್ಲಿ, ಬಂಡುಕೋರರ ವಿರುದ್ಧ ಕಾರ್ಯಾಚರಣೆ ನಡೆಸುವ ರಾಷ್ಟ್ರೀಯ ರೈಫಲ್ಸ್‌ನೊಂದಿಗೆ ಎರಡು ವರ್ಷ ಕಳೆದ ಸಿಪಾಯಿಯೊಬ್ಬ ಅಲ್ಲಿ ಜತೆಗಾರನ ಸಾವನ್ನು ಪಕ್ಕದಲ್ಲೇ ನಿಂತು ನೋಡಿ, ಮರುವರ್ಷ ಬೆಳಗಾವಿಗೆ ವರ್ಗವಾಗಿ, ಅಲ್ಲಿ ಎಂಟು ತಿಂಗಳಾದ ಮೇಲೆ ರಾತ್ರಿ ಚೀರಿಕೊಂಡು ಏಳುತ್ತಾನೆ ಎಂಬ ಸನ್ನಿವೇಶವನ್ನು ಕಲ್ಪಿಸಬಹುದು. ಮಂಡಳಿಯ ನಮೂನೆಯಲ್ಲಿ ಕಾಯಿಲೆ ಆರಂಭವಾದ ದಿನಾಂಕ ಮತ್ತು ಸ್ಥಳ ಎಂಬಲ್ಲಿ ಬೆಳಗಾವಿ ಎಂದೇ ಬರೆಯಬೇಕಾಗುತ್ತದೆ. ಬೆಳಗಾವಿ ‘ಪೀಸ್ ಸ್ಟೇಷನ್’, ಅಂದರೆ ಕಾರ್ಯಾಚರಣೆಯಿಲ್ಲದ ಶಾಂತಿ ನೆಲೆ. ಅದರ ಕೆಳಗೆ, ಶಾಂತಿ ನೆಲೆಯಲ್ಲಿ ಆರಂಭವಾದದ್ದರಿಂದ ಸೇವೆಗೆ ಸಂಬಂಧಿಸಿದ್ದಲ್ಲ ಎಂಬ ಸಾಲೊಂದು ಬಿದ್ದರೆ ಮುಗಿಯಿತು. ಕುಪ್ವಾರಾ ಅದೇ ಕಡತದ ಇನ್ನೊಂದು ಹಾಳೆಯಲ್ಲಿ, ನಿಯುಕ್ತಿಗಳ ಕೋಷ್ಟಕದಲ್ಲಿ ಇದ್ದೇ ಇರುತ್ತದೆ. ಎರಡು ಹಾಳೆಗಳನ್ನು ಜೋಡಿಸಿ ಓದುವ ಹೊಣೆ ಮಾತ್ರ ಯಾರ ಮೇಲೂ ಇರುವುದಿಲ್ಲ.

ಕಡತದಲ್ಲಿ ಇನ್ನೂ ಒಂದು ಹಾಳೆಯಿದೆ. ಯೋಧನನ್ನು ಮನೋವೈದ್ಯರ ಬಳಿಗೆ ಕಳಿಸುವಾಗ ಆತನ ನಡವಳಿಕೆ, ಕೆಲಸ, ಸಹೋದ್ಯೋಗಿಗಳೊಂದಿಗಿನ ಸಂಬಂಧ ಇವುಗಳ ಬಗ್ಗೆ ಘಟಕದ ಕಮಾಂಡಿಂಗ್ ಆಫೀಸರ್ ತುಂಬಿ ಕೊಡುವ ಎಎಫ್‌ಎಂಎಸ್‌ಎಫ್-10 ಎಂಬ ನಮೂನೆ ಅದು. ಹೊಸದಾಗಿ ವರ್ಗವಾಗಿ ಬಂದ ಸಿಪಾಯಿಯನ್ನು ಕೆಲವೇ ತಿಂಗಳು ಕಂಡ ಅಧಿಕಾರಿ ತನಗೆ ತಿಳಿದಷ್ಟನ್ನು ಬರೆಯುತ್ತಾನೆ: ಕುಡಿಯುತ್ತಾನೆ, ಮನೆಯಲ್ಲಿ ಜಗಳವಿದೆ, ಕೆಲಸದಲ್ಲಿ ವಿಶೇಷ ಒತ್ತಡವಿಲ್ಲ. ಮೂರೂ ನಿಜವಿರಬಹುದು. ಆದರೆ ಮೊದಲಿನ ಎರಡು ಈ ಕಾಯಿಲೆಯ ಪರಿಣಾಮವೂ ಆಗಿರಬಹುದೆಂಬುದನ್ನು ಯೋಚಿಸದೆ ಅವನ್ನೇ ಕಾರಣವೆಂದು ಓದುವ ಅಪಾಯ ಇಲ್ಲಿದೆ, ಮತ್ತು ಆ ಓದಿನಲ್ಲಿ ಕಾಯಿಲೆ ಮನೆಯ ಲೆಕ್ಕಕ್ಕೆ ಜಮೆಯಾಗುತ್ತದೆ. ಸೇನೆಯ ವೈದ್ಯಕೀಯ ಅರ್ಹತೆಯ ‘ಶೇಪ್’ ವರ್ಗೀಕರಣದಲ್ಲಿ ‘ಎಸ್’ ಮನಸ್ಸಿಗೆ ಮೀಸಲಾದ ಅಕ್ಷರ. ಅದರ ಮುಂದೆ ಒಂದಕ್ಕಿಂತ ಹೆಚ್ಚಿನ ಅಂಕಿ ಬಿದ್ದರೆ ಬಡ್ತಿಗೂ ಮಾನಕ್ಕೂ ಕುತ್ತೆಂದು ಹೆದರುವ ಸಿಪಾಯಿ ಕುಪ್ವಾರಾದಲ್ಲಿದ್ದಾಗಲೇ ತನ್ನ ನಿದ್ದೆಗೇಡನ್ನು ಹೇಳಿಕೊಳ್ಳಲಿಲ್ಲವೇಕೆ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಕುಡಿತದ ವಿಷಯ ಇನ್ನೂ ಮುಂದೆ ಹೋಗುತ್ತದೆ. ಕುಡಿದು ಕರ್ತವ್ಯಕ್ಕೆ ಬಂದ, ರಜೆ ಮುಗಿದರೂ ಮರಳದ, ಮೇಲಿನವರಿಗೆ ಎದುರು ಮಾತಾಡಿದ ಸಿಪಾಯಿಗೆ ಶಿಕ್ಷೆಯಾಗಿ ಆತನ ದಾಖಲೆಯಲ್ಲಿ ‘ರೆಡ್ ಇಂಕ್ ಎಂಟ್ರಿ’ ಬೀಳುತ್ತದೆ. ನಾಲ್ಕು ಬಿದ್ದರೆ ಸೇವೆಗೆ ಬೇಡವಾದವನೆಂದು ಮನೆಗೆ ಕಳಿಸುವ ಪರಿಪಾಠವಿತ್ತು. ಹೀಗೆ ಹೊರಬಿದ್ದವನ ಮನೋರೋಗ ಯಾವ ವೈದ್ಯಕೀಯ ಮಂಡಳಿಯ ಎದುರಿಗೂ ಬರದೇ ಉಳಿಯಬಹುದು. ‘ನಾನಾ’ ಎಂಬ ಷರಾ ಕೂಡ ಆತನಿಗೆ ಸಿಗುವುದಿಲ್ಲ, ಪ್ರಶ್ನಿಸುವುದಾದರೂ ಯಾವುದನ್ನು? ನಾಲ್ಕರ ಲೆಕ್ಕವನ್ನು ಯಾಂತ್ರಿಕವಾಗಿ ಅನ್ವಯಿಸಬಾರದು, ವಿಚಾರಣೆ ನಡೆಸಿ ಸೇವೆಯ ಅವಧಿ, ಕಷ್ಟದ ನಿಯುಕ್ತಿಗಳು ಎಲ್ಲವನ್ನೂ ತೂಗಿ ನೋಡಬೇಕು ಎಂದು ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದ್ದು ಈ ಕಾರಣಕ್ಕೂ ಮುಖ್ಯ. ಅಮೆರಿಕದಲ್ಲಿ ರಕ್ಷಣಾ ಕಾರ್ಯದರ್ಶಿಯಾಗಿದ್ದ ಚಕ್ ಹೇಗಲ್ 2014ರ ಸೆಪ್ಟೆಂಬರ್‌ನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ವಿಯೆಟ್ನಾಂ ಕಾಲದವರೂ ಸೇರಿದಂತೆ ದುರ್ನಡತೆಯ ಹೆಸರಿನಲ್ಲಿ ಹೊರಹಾಕಲ್ಪಟ್ಟ ಯೋಧರು ಆಗಲೇ ಪಿಟಿಎಸ್‌ಡಿಯಿಂದ ಬಳಲುತ್ತಿದ್ದಿರಬಹುದೆಂಬ ಅರ್ಜಿಗಳನ್ನು ಉದಾರವಾಗಿ ಪರಿಶೀಲಿಸಬೇಕೆಂದು ಸೂಚಿಸಿದರು. ಅಲ್ಲಿನ ವ್ಯವಸ್ಥೆಗೂ ವಿಳಂಬ, ಕಾಗದದ ಹೊರೆ, ಪರೀಕ್ಷಕರ ನಡುವಿನ ತಾರತಮ್ಯದ ದೂರುಗಳು ತಪ್ಪಿಲ್ಲ. ಆದರೂ ಅಲ್ಲಿ ಕೇಳುವ ಪ್ರಶ್ನೆಯ ಸ್ವರೂಪವೇ ಬೇರೆ: ಆಘಾತದ ಘಟನೆ ಸೇವೆಯಲ್ಲಿ ನಡೆಯಿತೇ, ಈಗಿನ ಕಾಯಿಲೆಗೂ ಅದಕ್ಕೂ ವೈದ್ಯಕೀಯ ಕೊಂಡಿಯಿದೆಯೇ ಎಂಬುದು ಮುಖ್ಯ, ಲಕ್ಷಣ ಮೊದಲು ಕಾಣಿಸಿದ ಊರಲ್ಲ. ಶತ್ರುದಾಳಿಯ ಭೀತಿಯಿಂದ ಹುಟ್ಟಿದ ಕಾಯಿಲೆಯೆಂದು ಸರ್ಕಾರಿ ಮನೋತಜ್ಞರು ದೃಢಪಡಿಸಿ, ಯೋಧನ ಮಾತು ಆತ ಸೇವೆ ಸಲ್ಲಿಸಿದ ಸ್ಥಳ ಸನ್ನಿವೇಶಕ್ಕೆ ತಾಳೆಯಾದರೆ, ಘಟನೆಗೆ ಆತನ ಹೇಳಿಕೆಯೇ ಸಾಕ್ಷ್ಯವಾಗಬಹುದೆಂದು 2010ರ ಜುಲೈನಲ್ಲಿ ಅಲ್ಲಿನ ನಿಯಮವನ್ನು ಸಡಿಲಿಸಲಾಯಿತು.

ಭಾರತದಲ್ಲಿ ಅರ್ಜಿ ತಿರಸ್ಕೃತವಾದರೆ ಮೊದಲ ಮೇಲ್ಮನವಿ ಸಮಿತಿ, ಬಳಿಕ ಎರಡನೆಯದು, ಆಮೇಲೆ 2007ರ ಕಾಯ್ದೆಯಡಿ 2009ರಿಂದ ಕೆಲಸ ಮಾಡುತ್ತಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಈ ನ್ಯಾಯಮಂಡಳಿಯ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರುತ್ತದೆ. ಕೊಡಗು ಅಥವಾ ವಿಜಯಪುರದ ಹಳ್ಳಿಯಲ್ಲಿ ಮನೆಯಿಂದ ಹೊರಗೆ ಕಾಲಿಡಲು ಹಿಂಜರಿಯುವ ವ್ಯಕ್ತಿಗೆ ಇದು ಸಣ್ಣ ದೂರವಲ್ಲ. (ಸಿಆರ್‌ಪಿಎಫ್, ಬಿಎಸ್‌ಎಫ್‌ಗಳವರನ್ನೂ ಊರವರು ಯೋಧರೆಂದೇ ಕರೆದರೂ, ಅವರಿಗೆ ಅನ್ವಯಿಸುವ ಪಿಂಚಣಿ ನಿಯಮ ಬೇರೆ, ಈ ನ್ಯಾಯಮಂಡಳಿಯ ಬಾಗಿಲು ಅವರಿಗಿಲ್ಲ.) ತಡಮಾಡಿದ್ದಕ್ಕೆ ಬೆಲೆಯೂ ಇದೆ: ಪಿಂಚಣಿ ತಪ್ಪಿದ್ದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯವಾದ್ದರಿಂದ ತಡವಾಗಿ ಬಂದ ಅರ್ಜಿಯನ್ನೂ ಕೇಳಬಹುದು, ಆದರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಗೆ ಮುಂಚಿನ ಮೂರು ವರ್ಷಗಳಿಗಷ್ಟೇ ಎಂಬುದು ತರ್ಸೇಮ್ ಸಿಂಗ್ ಪ್ರಕರಣದಲ್ಲಿ 2008ರಲ್ಲಿ ಬಂದ ತೀರ್ಪು. 2008ರ ನಿಯಮಗಳಂತೆ, ನಿವೃತ್ತಿಯಾಗಿ 15 ವರ್ಷ ದಾಟಿದ ಮೇಲೆ ಕೇಳುವವನ ಮೇಲೆ ಪುರಾವೆಯ ಹೊರೆಯೂ ಬೀಳುತ್ತದೆ, ಅಷ್ಟು ಹೊತ್ತಿಗೆ ಸೇವಾ ದಾಖಲೆಗಳು ನಾಶವಾಗಿರುತ್ತವೆ ಎಂಬ ಕಾರಣಕ್ಕೆ. ಸರ್ಕಾರವೇ ಇಟ್ಟುಕೊಂಡು ಸರ್ಕಾರವೇ ನಾಶಪಡಿಸುವ ದಾಖಲೆಯ ಕೊರತೆಯನ್ನು ಯೋಧ ತುಂಬಿಕೊಡಬೇಕೆನ್ನುವ ಈ ಏರ್ಪಾಡಿನ ನ್ಯಾಯ ತಿಳಿಯುವುದು ಕಷ್ಟ.

ಹಾಗಾಗಿ ಅರ್ಜಿಯ ಗಟ್ಟಿತನ ಕೊನೆಗೆ ಕಾಗದಗಳ ಜೋಡಣೆಯಲ್ಲಿದೆ: ವೈದ್ಯಕೀಯ ಮಂಡಳಿಯ ನಡಾವಳಿಯ ಪೂರ್ತಿ ಪ್ರತಿ, ನಿಯುಕ್ತಿಗಳ ಪಟ್ಟಿ, ಆಸ್ಪತ್ರೆ ಸೇರಿದ್ದರ ದಾಖಲೆ, ಜತೆಗಿದ್ದವರ ಪ್ರಮಾಣಪತ್ರ, ನಿವೃತ್ತಿಯ ನಂತರ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್ಕಿನಲ್ಲೋ ನಿಮ್ಹಾನ್ಸ್‌ನಲ್ಲೋ ಪಡೆದ ಚಿಕಿತ್ಸೆಯ ಚೀಟಿಗಳು. ಕಾಯಿಲೆಯ ತಿರುಳೇ ನಡೆದದ್ದರ ನೆನಪಿನಿಂದ ತಪ್ಪಿಸಿಕೊಳ್ಳುವುದಾಗಿರುವವನಿಂದ ನಡೆದದ್ದನ್ನೆಲ್ಲ ದಿನಾಂಕ ಸಮೇತ ಬರೆಸುವ ಕೆಲಸವಿದು. ಬಹಳ ಸಲ ಅದು ಹೆಂಡತಿಯ ಅಥವಾ ಅಣ್ಣತಮ್ಮಂದಿರ ಹೆಗಲಿಗೆ ಬೀಳುತ್ತದೆ, ಅವರಿಗೋ ಕುಪ್ವಾರಾದಲ್ಲಿ ಆದದ್ದೇನೆಂದು ಆತ ಎಂದೂ ಹೇಳಿರುವುದಿಲ್ಲ.

ವೈಕಲ್ಯ ಪಿಂಚಣಿ ದುರ್ಬಳಕೆಯಾಗುತ್ತಿದೆ ಎಂಬ ಆತಂಕ ಸರ್ಕಾರಕ್ಕಿದೆ. ಜೀವನಶೈಲಿಯ ಕಾಯಿಲೆಗಳಿಗೆ ಇದು ಸಲ್ಲುತ್ತಿರುವ ಬಗ್ಗೆ ಮಹಾಲೇಖಪಾಲರ ವರದಿ 2023ರಲ್ಲಿ ಪ್ರಶ್ನೆ ಎತ್ತಿತ್ತು. ರಕ್ತದೊತ್ತಡ, ಮಧುಮೇಹಗಳ ಮಟ್ಟಿಗೆ ಅದು ಚರ್ಚಿಸಬೇಕಾದ ಪ್ರಶ್ನೆಯೇ. ಆದರೆ ಆ ಸಂಶಯದ ಹೊರೆಯನ್ನು ಮನೋಗಾಯದ ಮೇಲೂ ಹೊರಿಸುವುದು ಸರಿಯಲ್ಲ, ಏಕೆಂದರೆ ಅದನ್ನು ಪರಿಶೀಲಿಸಲು ಬೇಕಾದ ಮಾಹಿತಿ ಸೇನೆಯ ಕಪಾಟಿನಲ್ಲೇ ಇದೆ: ಯಾವ ಪಡೆ ಯಾವ ತಿಂಗಳು ಎಲ್ಲಿತ್ತು, ಅಲ್ಲಿ ಯಾರು ಸತ್ತರು, ಯಾರು ಪಕ್ಕದಲ್ಲಿದ್ದರು ಎಂಬುದೆಲ್ಲ ಬರಹದಲ್ಲಿರುತ್ತದೆ. 2025ರ ಮೇ ತಿಂಗಳಲ್ಲಿ, ಸ್ಕಿಜೋಫ್ರೇನಿಯಾ ಎಂದು ಹೇಳಿ ಹೊರಕಳಿಸಲಾದ ಯೋಧನ ಪ್ರಕರಣದಲ್ಲಿ, ಕಾರಣ ಬರೆಯದ ಮಂಡಳಿಯ ಅಭಿಪ್ರಾಯದ ಬಲದಿಂದ ಪಿಂಚಣಿ ನಿರಾಕರಿಸಲಾಗದೆಂದು ಸುಪ್ರೀಂ ಕೋರ್ಟ್ ಹೇಳಿದ ಮೇಲಂತೂ, ‘ಶಾಂತಿ ನೆಲೆಯಲ್ಲಿ ಆರಂಭ’ ಎಂಬಷ್ಟನ್ನೇ ಕಾರಣವೆಂದು ಒಪ್ಪಿಕೊಳ್ಳುವುದು ಕಷ್ಟ. ಮಾರ್ಗದರ್ಶಿಯ ಕಾಲಮಿತಿಗಳನ್ನು ಪಿಟಿಎಸ್‌ಡಿಗೆ ಕೈಬಿಟ್ಟು, ಹಿಂದಿನ ಪ್ರತಿ ಕಾರ್ಯಾಚರಣೆ ನಿಯುಕ್ತಿಯನ್ನೂ ಹೆಸರಿಸಿ ಅದು ಈ ಕಾಯಿಲೆಗೆ ಏಕೆ ಕಾರಣವಲ್ಲ ಎಂದು ಮಂಡಳಿಯ ಮನೋವೈದ್ಯರೇ ಬರೆದು ಸಹಿ ಹಾಕುವಂತೆ ನಮೂನೆಯಲ್ಲಿ ಜಾಗ ಮಾಡಲು ಹೊಸ ಕಾಯ್ದೆಯೇನೂ ಬೇಕಿಲ್ಲ, ರಕ್ಷಣಾ ಸಚಿವಾಲಯದ ಒಂದು ಸುತ್ತೋಲೆ ಸಾಕು.